ಹೊನ್ನಕ್ಕನ ಎದುರುಬಾಗಿಲು

ನಮ್ಮ ಊರಿನಲ್ಲಿ ಬೆಳಿಗ್ಗೆ ಎದ್ದವರು ಮುಖ ತೊಳೆಯುವುದಕ್ಕೆ ಮೊದಲು ಬಾಗಿಲು ತೆರೆದು, ಎದುರಿಗೆ ಯಾರ ಮನೆ ಬಂದು ನಿಂತಿದೆ ಎಂದು ನೋಡುತ್ತಾರೆ. ಗುಡ್ಡದ ಗಣಿಯವರು ಕೆಸರು ನಿಲ್ಲಿಸಲು ಕಟ್ಟಿದ್ದ ಕಟ್ಟೆ ಒಡೆದು, ಬೂದು ಬಣ್ಣದ ಹೂಳು ಊರಿನ ಅಡಿಗೆಲ್ಲ ಹರಡಿಕೊಂಡ ವರ್ಷದಿಂದ ನಮ್ಮ ಮನೆಗಳು ರಾತ್ರಿ ಹೊತ್ತು ಜಾಗ ಬದಲಿಸುತ್ತವೆ. ಸದ್ದಿಲ್ಲ, ಕುಲುಕಾಟವಿಲ್ಲ. ಮಲಗಿದ ಎಮ್ಮೆ ಮಗ್ಗುಲು ಬದಲಿಸಿದ ಹಾಗೆ. ಮುಚ್ಚಿಟ್ಟ ಹಾಲು ಕೂಡ ತುಳುಕುವುದಿಲ್ಲ. ನಿನ್ನೆ ನನ್ನ ಎದುರಿಗೆ ದರ್ಜಿ ನಂಜಪ್ಪನ ಹಸಿರು ಬಾಗಿಲಿದ್ದರೆ ಇವತ್ತು ಸೈಕಲ್ ಶಾಪಿನ ಶಫಿ ಸಾಹೇಬರ ನೀಲಿ ಬಾಗಿಲು. ನಾನು ಕಾಲೇಜಿನಲ್ಲಿ ಭೂಗೋಳ ಓದಿದವಳು, ನಿವೃತ್ತಿಯವರೆಗೆ ಅದನ್ನೇ ಪಾಠ ಮಾಡಿದವಳು. ಊರಿನ ನಕ್ಷೆ ಬರೆದು ತನ್ನಿ ಎಂದು ಮಕ್ಕಳಿಗೆ ಹೇಳುವುದನ್ನು ಆ ವರ್ಷವೇ ಬಿಟ್ಟೆ.

ಬಂಡೆಯ ಮೇಲೆ ಕಟ್ಟಿದ ಶಾಲೆ, ಅದರ ಪಕ್ಕದ ಬಾವಿ ಮಾತ್ರ ಅಲುಗುವುದಿಲ್ಲ. ಮಿಕ್ಕದ್ದಕ್ಕೆಲ್ಲ ನಾವು ಹೊಂದಿಕೊಂಡೆವು. ಅಂಚೆಯವನು ಬಾಗಿಲಿನ ಬಣ್ಣ ನೋಡಿ ಕಾಗದ ಹಾಕುತ್ತಾನೆ, ಆದ್ದರಿಂದ ಯಾರೂ ಕೇಳದೆ ಬಣ್ಣ ಬದಲಿಸುವಂತಿಲ್ಲ. ಮದುವೆಯ ಕರೆಯೋಲೆಯಲ್ಲಿ ‘ವಧುವಿನ ಸ್ವಗೃಹ, ಆ ದಿನ ಎಲ್ಲಿರುತ್ತದೋ ಅಲ್ಲಿ’ ಎಂದು ಅಚ್ಚು ಹಾಕಿಸುತ್ತಾರೆ. ಮಕ್ಕಳು ಶಾಲೆಯ ಗಂಟೆಯ ಸದ್ದು ಹಿಡಿದು ನಡೆಯುತ್ತವೆ. ಮನೆಗಳಿಗೆ ಕರೆಂಟಿನ ತಂತಿ ಎಳೆಯುವುದಕ್ಕಾಗದೆ, ಸಂಜೆ ಎಲ್ಲರ ದೀಪಗಳೂ ಶಾಲೆಯ ಜಗಲಿಯಲ್ಲಿ ಚಾರ್ಜಿಗೆ ಕೂತಿರುತ್ತವೆ.

ಎದುರುಬಾಗಿಲಿನ ಪದ್ಧತಿಯನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಬೆಳಿಗ್ಗೆ ನಿಮ್ಮ ಬಾಗಿಲಿಗೆ ಎದುರಾಗಿ ಯಾವ ಬಾಗಿಲು ಇದೆಯೋ ಆ ಮನೆಯವರು ಆ ದಿನದ ಮಟ್ಟಿಗೆ ನಿಮ್ಮವರು. ಉಪ್ಪು, ಕರಿಬೇವು, ಹೆಪ್ಪು ಹಾಕುವ ಮೊಸರು, ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ, ಏನು ಬೇಕಾದರೂ ಅಲ್ಲಿ ಕೇಳಬಹುದು. ಕೇಳುವುದರಲ್ಲಿ ಸಂಕೋಚವಿಲ್ಲ, ಕೊಡುವುದರಲ್ಲಿ ದೊಡ್ಡಸ್ತಿಕೆಯಿಲ್ಲ. ರವಿಕೆಯ ಬಟ್ಟೆಯ ವಿಷಯಕ್ಕೆ ದೇವೀರಮ್ಮನಿಗೂ ದರ್ಜಿ ನಂಜಪ್ಪನಿಗೂ ವರ್ಷಗಟ್ಟಲೆ ಮಾತಿರಲಿಲ್ಲ. ಆದರೂ ಇಬ್ಬರ ಬಾಗಿಲು ಎದುರಾದ ದಿನ ಅವಳು ಮುಖ ಆ ಕಡೆ ತಿರುಗಿಸಿಕೊಂಡೇ ಅವನಿಗೆ ಹುರುಳಿ ಸಾರು ಕೊಟ್ಟು ಬಂದಳು. ಅವನೂ ಆಕಾಶ ನೋಡುತ್ತಲೇ ಅವಳ ಮೊಮ್ಮಗಳ ಲಂಗಕ್ಕೆ ಹೊಲಿಗೆ ಹಾಕಿಕೊಟ್ಟ.

ಇನ್ನೊಂದು ವಿಷಯ ಹೇಳಬೇಕು. ಭಾರದ ಮನೆಗಳು ಊರೊಳಗೇ ಅಡ್ಡಾಡಿಕೊಂಡಿರುತ್ತವೆ. ಹಗುರವಾದ ಮನೆಗಳು ಪೂರ್ವಕ್ಕೆ, ಕಟ್ಟೆ ಒಡೆದಾಗ ತಗ್ಗಿನಲ್ಲಿ ಆದ ದೊಡ್ಡ ಹೊಂಡದ ಕಡೆಗೆ ಜಾರುತ್ತವೆ. ಹೋದ ವರ್ಷ ಖಾಲಿ ಬಿದ್ದಿದ್ದ ಒಂದು ಮನೆ ಹಾಗೇ ಹೋಯಿತು. ಬೆಳಿಗ್ಗೆ ನೋಡಿದರೆ ಹೊಂಡದ ಮೇಲೆ ಅದರ ಹೆಂಚು ನಾಲ್ಕು ತೇಲುತ್ತಿದ್ದವು. ಆದ್ದರಿಂದ ಹಗುರ ಮನೆಗಳಿಗೆ ಭಾರ ಕೊಡುವುದು ನಮ್ಮಲ್ಲಿ ರೂಢಿ. ಒಬ್ಬರು ಒರಳುಕಲ್ಲು ಉರುಳಿಸಿಕೊಂಡು ಹೋಗಿ ಇಟ್ಟು ಬರುತ್ತಾರೆ, ಇನ್ನೊಬ್ಬರು ಕಬ್ಬಿಣದ ಪೆಟ್ಟಿಗೆ. ಊರಿಗೆ ನೆಂಟರು, ಆಫೀಸಿನವರು ಯಾರೇ ಬಂದರೂ ಅವರನ್ನು ಮಲಗಲು ಕಳಿಸುವುದು ಹಗುರ ಮನೆಗೆ. ಬಂದವರಿಗೆ ಕಾರಣ ಹೇಳುವುದಿಲ್ಲ. ಗಾಳಿ ಚೆನ್ನಾಗಿ ಬರುತ್ತದೆ ಎನ್ನುತ್ತೇವೆ.

ಊರಿನಲ್ಲಿ ಎಲ್ಲಕ್ಕಿಂತ ಹಗುರವಾದದ್ದು ಹೊನ್ನಕ್ಕನ ಮನೆ. ಅವಳೂ ಗಂಡ ಬೋರಣ್ಣನೂ ಈಗ ಹೊಂಡವಿರುವ ತಗ್ಗಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಹೂಳು ಬಂದ ಮಧ್ಯಾಹ್ನ ಗಿರಣಿ ಹೋಯಿತು. ಯಂತ್ರದ ಬೆಲ್ಟು ಬಿಚ್ಚಿ ಬರುತ್ತೇನೆಂದು ಒಳಗೆ ಹೋದ ಬೋರಣ್ಣನೂ ಹೋದ. ಮೇಲಿದ್ದ ಮನೆ ಉಳಿಯಿತು, ಅದರಲ್ಲಿ ಅವಳೊಬ್ಬಳು. ಒಳಗೋಡೆಯಲ್ಲಿ ಬೋರಣ್ಣ ಅಂಗಿ ನೇತುಹಾಕುತ್ತಿದ್ದ ಗೂಟವಿದೆ, ಅದರ ಸುತ್ತ ಹಿಟ್ಟಿನ ಮಸುಕು ಗುರುತು ಇದೆ. ಪ್ರತಿ ಹಬ್ಬಕ್ಕೂ ಸುಣ್ಣ ಬಳಿಯುವಾಗ ಹೊನ್ನಕ್ಕ ಅಷ್ಟು ಜಾಗ ಬಿಟ್ಟು ಬಳಿಯುತ್ತಾಳೆ. ನಾನು ಅದನ್ನು ನೋಡಿದ್ದೇನೆಂದು ಅವಳಿಗೆ ಗೊತ್ತು. ನಾವು ಆ ಮಾತು ಎತ್ತಿಲ್ಲ.

ಈ ವರ್ಷದ ಬೇಸಿಗೆಯ ಹೊತ್ತಿಗೆ ಅವಳ ಮನೆ ಊರಿನ ಎಲ್ಲ ಮನೆಗಳನ್ನೂ ಹಿಂದೆ ಬಿಟ್ಟು ಹೊಂಡದ ಅಂಚಿಗೆ ಹೋಗಿ, ಅದರ ಕಡೆಗೇ ಮುಖ ಮಾಡಿ ನಿಂತಿತ್ತು. ಬಾಗಿಲು ತೆರೆದರೆ ಎದುರಿಗೆ ಯಾವ ಮನೆಯೂ ಇಲ್ಲ, ಬೂದು ನೀರು ಮಾತ್ರ. ನಾವು ಹೋಗುತ್ತಿರಲಿಲ್ಲ ಎಂದಲ್ಲ. ನನ್ನ ಒರಳುಕಲ್ಲು ಅವಳ ಮನೆಯಲ್ಲೇ ಇತ್ತು, ದೇವೀರಮ್ಮನ ಕೊಪ್ಪರಿಗೆಯೂ ಇತ್ತು. ಆದರೆ ಹೊನ್ನಕ್ಕ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಒಂದು ದಿನ ಅವಳು ಉಪ್ಪಿಲ್ಲದ ಮುದ್ದೆ, ಉಪ್ಪಿಲ್ಲದ ಸಾರು ಉಣ್ಣುತ್ತಿದ್ದಾಗ ನಾನು ಹೋದೆ.

“ಯಾರನ್ನಾದರೂ ಕೇಳಬಾರದಿತ್ತಾ ಹೊನ್ನಕ್ಕ?”

“ಯಾರನ್ನ ಕೇಳ್ಲಿ ಟೀಚರಮ್ಮ? ನನ್ನೆದುರಿಗೆ ಯಾರಿದ್ದಾರೆ?” ಎಂದಳು. ಕೋಪದಿಂದಲ್ಲ, ಬಸ್ಸು ಬರಲಿಲ್ಲ ಎಂದು ಹೇಳುವ ಹಾಗೆ.

ಆ ದಿನಗಳಲ್ಲೇ ನಿಧಿಯವರು ಬಂದದ್ದು. ಮಣ್ಣು, ನೀರು ಕೆಟ್ಟ ಊರುಗಳಿಗೆ ಹಣದ ನೆರವು ಕೊಡುವ ಸಂಸ್ಥೆ ಅದು. ಅಂಥವರು ನಮಗೆ ಹೊಸಬರೇನಲ್ಲ. ಒಮ್ಮೆ ಬಂದವರು ಊರಿಗೆಲ್ಲ ಕೊಡೆ ಹಂಚಿದ್ದರು. ಇನ್ನೊಮ್ಮೆ ಬಂದವರು ಮೇಣದಬತ್ತಿ ಮಾಡುವ ತರಬೇತಿ ಕೊಟ್ಟು, ಎಲ್ಲರಿಗೂ ಬಣ್ಣದ ಸರ್ಟಿಫಿಕೇಟು ಕೊಟ್ಟು ಹೋದರು. ದೇವೀರಮ್ಮ ತನ್ನದಕ್ಕೆ ಕಟ್ಟು ಹಾಕಿಸಿದ್ದಾಳೆ. ಈ ಸಲದವರು ಕಳಿಸಿದ್ದು ಒಬ್ಬರೇ ಮನುಷ್ಯರನ್ನು, ಎಂಜಿನಿಯರ್ ದಿವಾಕರಯ್ಯ. ಜೀಪಿನಿಂದ ಅವರು ಇಳಿದಾಗ ಜೀಪು ನಿಟ್ಟುಸಿರು ಬಿಟ್ಟಂತೆ ಮೇಲೆದ್ದಿತು. ಎತ್ತರಕ್ಕೂ ಅಗಲಕ್ಕೂ ಸಮನಾದ ಆಳು. ಪಂಚಾಯಿತಿ ಅಧ್ಯಕ್ಷರಾಗಿದ್ದ ಶಫಿ ಸಾಹೇಬರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

“ಸಾರ್, ನಿಮಗೆ ಹೊನ್ನಕ್ಕನ ಮನೇಲಿ ವ್ಯವಸ್ಥೆ ಮಾಡಿದ್ದೀವಿ,” ಎಂದರು ಸಾಹೇಬರು. “ಗಾಳಿ ಬಹಳ ಚೆನ್ನಾಗಿ ಬರ್ತದೆ.”

ಅವರಿದ್ದ ರಾತ್ರಿಗಳಲ್ಲಿ ಹೊನ್ನಕ್ಕನ ಮನೆ ಒಂದು ಗೇಣೂ ಕದಲಲಿಲ್ಲ. ದಿನಾ ಬೆಳಿಗ್ಗೆ ನಾನು ಹೋಗಿ ಹಿಂಬದಿ ಗೋಡೆಯ ಬಳಿ ನೆಟ್ಟ ಕಡ್ಡಿ ನೋಡಿ ಬರುತ್ತಿದ್ದೆ. ಹೊನ್ನಕ್ಕನೂ ಬಹಳ ದಿನದ ಮೇಲೆ ಯಾರನ್ನೋ ಗದರಿಸುವ ದನಿ ತೆಗೆದಿದ್ದಳು. “ಇನ್ನೊಂದು ಮುದ್ದೆ ಹಾಕ್ಕೊಳಪ್ಪ, ಇಷ್ಟು ದೊಡ್ಡ ಮೈಗೆ ಅಷ್ಟು ಸಾಕಾ?” ಎಂಬುದು ಹೊರಗೆ ಕೇಳುತ್ತಿತ್ತು. ಊರಿನ ಹೆಂಗಸರು ಸರದಿಯಂತೆ ತಿಂಡಿ ಕಳಿಸಿದರು. ದಿವಾಕರಯ್ಯ ಒಂದಿಷ್ಟೂ ಸಣ್ಣಗಾಗಬಾರದೆಂಬ ಕಾಳಜಿ ಎಲ್ಲರಿಗೂ ಇತ್ತು.

ನಿಧಿಯವರ ಯೋಚನೆ ಒಳ್ಳೆಯದೇ. ಪ್ರತಿ ಮನೆಯ ನಾಲ್ಕು ಮೂಲೆಗೂ ಹೂಳಿನ ಕೆಳಗಿನ ಗಟ್ಟಿ ನೆಲದವರೆಗೆ ಕಬ್ಬಿಣದ ಕಂಬ ಇಳಿಸಿ, ಮನೆಗಳನ್ನು ಇದ್ದಲ್ಲೇ ನಿಲ್ಲಿಸುವುದು. ಶಾಲೆಯ ಅಂಗಳದಲ್ಲಿ ಸಭೆ ಸೇರಿದಾಗ ದಿವಾಕರಯ್ಯ ಚಿತ್ರ ಬರೆದು ವಿವರಿಸಿದರು. ಎಲ್ಲರೂ ತಲೆದೂಗಿದರು. ಆಮೇಲೆ ಶಫಿ ಸಾಹೇಬರು ಎದ್ದು, “ಕಂಬ ಹಾಕಿದ ಮೇಲೆ ಮನೆ ಅಲ್ಲೇ ಇರ್ತದೆ. ಯಾರ ಎದುರಿಗೆ ಯಾರು ಅನ್ನೋದನ್ನ ಈಗಲೇ ಮಾತಾಡ್ಕೊಂಡ್ಬಿಡೋಣ,” ಎಂದರು. ಅಷ್ಟೇ ಸಾಕಾಯಿತು.

“ನಂಜಪ್ಪನ ಎದುರಿಗೆ ನಾನು ಸುತರಾಂ ಇರಕ್ಕಿಲ್ಲ,” ಎಂದಳು ದೇವೀರಮ್ಮ. “ಆವಯ್ಯನ ಮಿಷನ್ ಸದ್ದನ್ನ ಒಂದಿನ ಅಂದ್ರೆ ತಡ್ಕೋಬೋದು. ಸಾಯೋಗಂಟ ಅಂದ್ರೆ ಆಗಕ್ಕಿಲ್ಲ.”

“ನಿನ್ನ ಸಾರು ದಿನಾ ಕುಡುದ್ರೆ ನಾನು ಸಾಯೋದು ಅಷ್ಟೇನು ದೂರ ಇಲ್ಲ ಬುಡವ್ವ,” ಎಂದ ನಂಜಪ್ಪ.

ಒಬ್ಬರಿಗೆ ಬಾವಿಯ ಹತ್ತಿರದವರೇ ಎದುರಿಗೆ ಬೇಕು. ಇನ್ನೊಬ್ಬರಿಗೆ ಗೊರಕೆ ಹೊಡೆಯುವವರು ಬೇಡ. ಮನೆಗಳು ನಡೆಯುತ್ತಿದ್ದಷ್ಟು ಕಾಲ ಒಂದು ದಿನದ ಮೇಲೆ ಬಾಳದಿದ್ದ ಜಗಳಗಳೆಲ್ಲ ಆ ಮಧ್ಯಾಹ್ನ ಕಂಬ ನೆಟ್ಟುಕೊಂಡು ನಿಂತವು. ಅಕ್ಕತಂಗಿಯರಿಬ್ಬರು ಅಳುತ್ತಾ ಬೇರೆ ಬೇರೆ ಮೂಲೆಗೆ ಹೋಗಿ ಕುಳಿತರು. ಕೊನೆಗೆ ದೇವೀರಮ್ಮನೇ ಸೆರಗು ಕೊಡವಿ ಎದ್ದಳು.

“ಒಂದೇ ಎದುರುಬಾಗಿಲ ಜೊತೆ ಜೀವಮಾನ ಪೂರ್ತಿ ಇರೋಕೆ ಇದೇನು ಮದುವೆನಾ? ನಮಗೆ ಕಂಬ ಬ್ಯಾಡ ಸ್ವಾಮಿ.”

ಎಲ್ಲರೂ ನಕ್ಕರು, ದಿವಾಕರಯ್ಯನವರೂ ನಕ್ಕರು. ಆಮೇಲೆ ಅವರು ಕನ್ನಡಕ ತೆಗೆದು ಒರೆಸುತ್ತಾ, ನಾಡಿದ್ದಿನೊಳಗೆ ಊರವರು ಒಪ್ಪಿದ ಒಂದು ಯೋಜನೆ ತಾನು ಒಯ್ಯಬೇಕು, ಇಲ್ಲವಾದರೆ ಈ ಹಣ ಇನ್ನೊಂದು ಊರಿಗೆ ಹೋಗುತ್ತದೆ ಎಂದು ಮೆಲ್ಲಗೆ ಹೇಳಿದರು. ಒಬ್ಬ ಬಸ್ಸು ಕೇಳಿದ, ಒಬ್ಬ ಮೈಕ್ ಸೆಟ್ ಕೇಳಿದ. ಹೂಳಿನಿಂದ ಆದ ತೊಂದರೆಗೆ ಇವು ಪರಿಹಾರ ಹೇಗಾಗುತ್ತವೆ ಎಂದು ಅವರು ಕೇಳಿದಾಗ ಇಬ್ಬರೂ ಕುಳಿತುಬಿಟ್ಟರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೊನ್ನಕ್ಕ ಏನೂ ಕೇಳಲಿಲ್ಲ. ಸಭೆ ಮುಗಿದು ಎಲ್ಲರೂ ಹೋದ ಮೇಲೆ ಜಮಖಾನ ಮಡಿಸಿಟ್ಟು ಹೋದಳು.

ಸಂಜೆ ದಿವಾಕರಯ್ಯ ನನ್ನ ಮನೆಗೆ ಬಂದರು. ಕುರ್ಚಿಯನ್ನು ಒಮ್ಮೆ ಕೈಯಿಂದ ಅದುಮಿ ನೋಡಿ ಕುಳಿತರು.

“ಮೇಡಂ, ಹೊನ್ನಮ್ಮನವರ ಮನೆಯ ಹತ್ತಿರ ನೆಲ ಪರೀಕ್ಷೆ ಮಾಡಿದೆ. ಕಂಬ ಹಾಕ್ತೀವಿ ಅಂದ್ರೂ ಅಲ್ಲಿ ನಿಲ್ಲಲ್ಲ. ಮಳೆಗಾಲದೊಳಗೆ ಆ ಮನೆ ಹೊಂಡಕ್ಕೆ ಹೋಗುತ್ತೆ. ಶಾಲೆಯ ಪಕ್ಕ ಬಂಡೆ ಮೇಲೆ ಒಂದು ಶೆಡ್ ಹಾಕಿಸಿಕೊಡ್ತೀನಿ, ನನ್ನ ಕೈಯಿಂದಾದರೂ ಸರಿ. ನೀವು ಹೇಳಿದ್ರೆ ಕೇಳ್ತಾರೇನೋ.”

“ನಾನು ಹೇಳಿ ಆಗಿದೆ,” ಎಂದೆ. ನಿಜವಾಗಿ ಎಷ್ಟೋ ಸಲ ಹೇಳಿದ್ದೆ. ಆ ಗೋಡೆ ಬಿಟ್ಟು ಬರುವುದಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ‘ಬಂಡೆ ಮೇಲೆ ಕೂತ್ಕೊಂಡು ಎದ್ದಾಗ ಬಿದ್ದಾಗ ಇಸ್ಕೂಲ್ ಗೋಡೆ ನೋಡ್ಲಾ?’ ಎಂದು ನಗಿಸಿ ಕಳಿಸಿದ್ದಳು.

“ಆದರೆ ಒಂದು ವಿಚಿತ್ರ. ನಾನು ಬಂದಾಗಿನಿಂದ ಆ ಮನೆ ಸ್ವಲ್ಪವೂ ಜಾರಿಲ್ಲ,” ಎಂದರು.

ನಾನು ಕಾಫಿ ಲೋಟ ತೆಗೆದುಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ. ಆದರೆ ಅಷ್ಟು ಸರಳ ಮನುಷ್ಯರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಭಾರದ ವಿಷಯ ಹೇಳಿದೆ, ಗಾಳಿಯ ವಿಷಯವನ್ನೂ ಹೇಳಿದೆ. ಅವರು ತಮ್ಮ ಹೊಟ್ಟೆಯ ಕಡೆ ಒಮ್ಮೆ ನೋಡಿಕೊಂಡರು.

“ನನ್ನ ಹೆಂಡತಿಗೆ ಹೇಳಬೇಕು,” ಎಂದರು. “ಈ ಹೊಟ್ಟೆಯಿಂದ ಯಾರಿಗೆ ಪ್ರಯೋಜನ ಅಂತ ಕೇಳ್ತಾ ಇರ್ತಾಳೆ.” ಆಮೇಲೆ, “ನಾಳೆ ನಾನು ಹೋದ ಮೇಲೆ?” ಎಂದರು.

“ನಾವು ಇದ್ದೇವೆ. ಒರಳುಕಲ್ಲುಗಳಿವೆ. ಆದರೆ ಅವಳು ಕೇಳುವುದಿಲ್ಲ,” ಎಂದು ಎದುರುಬಾಗಿಲಿನ ಪದ್ಧತಿಯನ್ನೂ, ಉಪ್ಪಿಲ್ಲದ ಊಟವನ್ನೂ ಹೇಳಿದೆ. ಅವರು ಎದ್ದರು. ಹೋಗುವಾಗ ನಿಂತು, ನನ್ನ ಬಾಗಿಲಿನಿಂದ ಆ ದಿನದ ಎದುರು ಮನೆಯ ಬಾಗಿಲಿಗೆ, ಅಲ್ಲಿಂದ ನನ್ನ ಬಾಗಿಲಿಗೆ ಒಮ್ಮೆ ನೋಡಿದರು.

ಮಾರನೆಯ ಸಂಜೆ ಅವರು ಎಲ್ಲರಿಗೂ ಕೈಮುಗಿದು ಹೊರಟರು. ಹೊನ್ನಕ್ಕ ಕಡಲೆಕಾಯಿ ಹುರಿದು ಕಟ್ಟಿಕೊಟ್ಟಿದ್ದಳು. ಊರು ಒಪ್ಪಿದ ಯೋಜನೆಯ ಬದಲು ಅವರ ಕೈಯಲ್ಲಿದ್ದದ್ದು ಅದೊಂದೇ. ಹೊತ್ತು ಮುಳುಗುವ ಮೊದಲು ನಾನೂ ದೇವೀರಮ್ಮನೂ ಇನ್ನೊಂದು ರುಬ್ಬುಗುಂಡು ಹೊರಿಸಿಕೊಂಡು ಹೋಗಿ ಹೊನ್ನಕ್ಕನ ಮನೆಯಲ್ಲಿ ಇಟ್ಟು ಬಂದೆವು. ಅದು ಸಾಲದೆಂದು ಇಬ್ಬರಿಗೂ ಗೊತ್ತಿತ್ತು. ಅಲ್ಲೇ ಮಲಗುತ್ತೇವೆಂದರೆ ಅವಳು, “ನಾನು ಮುಳುಗೋದಾದ್ರೆ ಜೊತೆಗೆ ಇನ್ನಿಬ್ರು ಯಾಕೆ?” ಎಂದು ಬಾಗಿಲು ಹಾಕಿಕೊಂಡಳು.

ಬೆಳಕು ಹರಿಯುತ್ತಿದ್ದಂತೆ ನಾನು ಓಡಿದೆ. ನನ್ನ ವಯಸ್ಸಿಗೆ ಓಟವೆಂದರೆ ಎಷ್ಟೋ ಅಷ್ಟು. ದೂರದಿಂದಲೇ ಮನೆ ಕಂಡಾಗ ಕಾಲಿಗೆ ಜೀವ ಬಂತು. ಕಡ್ಡಿ ಮಾತ್ರ ಮನೆಯಿಂದ ಬಹಳ ಹಿಂದೆ ಉಳಿದಿತ್ತು, ರಾತ್ರಿ ಜಾರಿದ್ದು ನಿಜ. ಸುತ್ತಿ ಮುಂಬದಿಗೆ ಬಂದರೆ, ಹೊಂಡಕ್ಕೂ ಬಾಗಿಲಿಗೂ ನಡುವೆ ಉಳಿದಿದ್ದ ತುಂಡು ನೆಲದ ಮೇಲೆ ಜೀಪು ನಿಂತಿತ್ತು. ಅಡ್ಡಲಾಗಿ, ತನ್ನ ಬಾಗಿಲು ಸರಿಯಾಗಿ ಮನೆಯ ಬಾಗಿಲಿಗೆ ಎದುರಾಗುವ ಹಾಗೆ. ಮನೆಯ ಮೆಟ್ಟಿಲು ಜೀಪಿಗೆ ಒಂದು ಕೈಯಳತೆಯಷ್ಟು ಹತ್ತಿರ ಬಂದಿತ್ತು. ಆ ಕಡೆಯ ಗಾಲಿಗಳ ಪಕ್ಕದಲ್ಲೇ ನೀರು. ಒಳಗೆ ದಿವಾಕರಯ್ಯ ಎರಡೂ ಸೀಟಿನ ಮೇಲೆ ಮೈ ಮಡಿಸಿಕೊಂಡು ಬಾಯಿ ತೆರೆದು ನಿದ್ದೆ ಹೋಗಿದ್ದರು. ಎದೆಯ ಮೇಲೆ ಕಡಲೆಕಾಯಿ ಸಿಪ್ಪೆ.

ಆಗ ಹೊನ್ನಕ್ಕ ಬಾಗಿಲು ತೆರೆದಳು. ಕೈಯಲ್ಲಿ ಪೊರಕೆ ಇತ್ತು. ಎದುರಿಗಿದ್ದ ಬಾಗಿಲನ್ನು ನೋಡಿದಳು, ಅದರ ಗಾಜಿನೊಳಗಿನ ಮುಖವನ್ನು ನೋಡಿದಳು. ಹಾಗೇ ತಿರುಗಿ ಒಳಗೆ ಹೋದಳು. ಅವಳಿಗೆ ಬೇಸರವಾಯಿತೇನೋ ಎಂದು ನಾನು ಹೆದರಿದೆ. ಬಹಳ ಹೊತ್ತಿನ ಮೇಲೆ ಕಾಫಿ ಲೋಟ ಹಿಡಿದು ಬಂದಳು. ತಲೆ ಬಾಚಿಕೊಂಡಿದ್ದಳು, ಸೀರೆ ಬದಲಿಸಿದ್ದಳು. ಜೀಪಿನ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದಳು.

“ಏಳಪ್ಪ. ಎದುರು ಮನೆಯೋರು ಇಷ್ಟೊತ್ತಿನವರೆಗೂ ಮಲಗಿದ್ರೆ ಹೆಂಗೆ?”

ದಿವಾಕರಯ್ಯ ತಡಬಡಿಸಿ ಎದ್ದು ಲೋಟ ತೆಗೆದುಕೊಂಡರು. “ಅಮ್ಮ, ಇವತ್ತು ನಾನು ನಿಮ್ಮ ಎದುರುಬಾಗಿಲು. ಏನು ಬೇಕೋ ಕೇಳಬೇಕು. ಕೇಳದಿದ್ದರೆ ನಾನು ಇಲ್ಲಿಂದ ಕದಲಲ್ಲ.”

“ಕೇಳಿದ್ದು ಕೊಡ್ತೀಯಾ?”

“ನನ್ನ ಹತ್ರ ಇದ್ದರೆ ಕೊಡ್ತೀನಿ.”

ಅವಳು ಜೀಪಿನ ಮೇಲಿಂದ ಹೊಂಡದ ಕಡೆ ನೋಡಿದಳು. ಬೂದು ನೀರಿನ ಕೆಳಗೆ ಎಲ್ಲೋ ಬೋರಣ್ಣನ ಗಿರಣಿಯಿತ್ತು.

“ಹಿಟ್ಟಿನ ಮಿಷನ್ನು ಕೊಡು,” ಎಂದಳು. “ಹೂಳು ಬಂದಾಗಿಂದ ಈ ಊರಿನ ಹೆಂಗಸ್ರು ರಾಗಿ ಮೂಟೆ ಹೊತ್ಕೊಂಡು ಪಕ್ಕದೂರಿಗೆ ನಡೀತಾರೆ. ಹೋಗಾಕೊಂದು ಹೊತ್ತು, ಬರಾಕೊಂದು ಹೊತ್ತು. ಯಾರೂ ನಿನ್ನ ಮೀಟಿಂಗಲ್ಲಿ ಹೇಳ್ಲಿಲ್ಲ, ನನಗೆ ಬೇಜಾರಾಗ್ತದೆ ಅಂತ. ನನ್ನ ಮನೇಲಿಡು. ನಡೆಸಾಕೆ ನನಗೆ ಬರ್ತದೆ.”

ಅದು ನಿಜ. ಗಿರಣಿ ಎಂಬ ಮಾತನ್ನೇ ನಾವು ಅವಳ ಮುಂದೆ ಎತ್ತುತ್ತಿರಲಿಲ್ಲ. ಪಕ್ಕದೂರಿಗೆ ಹೋಗುವಾಗ ರಾಗಿಯ ಡಬ್ಬದ ಮೇಲೆ ಸೆರಗು ಮುಚ್ಚಿಕೊಂಡು, ಸುತ್ತು ದಾರಿ ಹಿಡಿದು, ಅವಳ ಮನೆಯ ಕಣ್ಣು ತಪ್ಪಿಸಿ ಹೋಗುತ್ತಿದ್ದೆವು. ಅವಳು ಅದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದಳೆಂದು ನನಗೆ ಗೊತ್ತಾದದ್ದು ಆಗಲೇ.

ದಿವಾಕರಯ್ಯ ಲೋಟವನ್ನು ಹಾಗೇ ಹಿಡಿದುಕೊಂಡಿದ್ದರು. “ಆ ಕಲ್ಲು, ಎಂಜಿನ್ನು, ಎಲ್ಲ ಸೇರಿ ಎಷ್ಟು ಭಾರ ಇರುತ್ತೆ ಅಮ್ಮ?”

“ಮೊದಲನೇದು ತಂದಾಗ ನಾಕು ಜನ ಹೊತ್ರು, ಐದನೇವ್ನು ಜೊತೆಗೆ ಬೈಕೊಂಡು ಬಂದ. ಅಷ್ಟು.”

ಅವರು ನಕ್ಕದ್ದಕ್ಕೆ ಜೀಪು ಅಲುಗಿತು. “ಅಯ್ಯೋ, ಅಲ್ಲಾಡಬೇಡಿ, ಹಿಂದೆ ನೀರಿದೆ!” ಎಂದು ನಾನು ಕೂಗಿಕೊಂಡೆ.

ನಿಧಿಯ ಕಚೇರಿಯಲ್ಲಿ ಅದು ಸಲೀಸಾಗಿ ಆಗಲಿಲ್ಲವಂತೆ. ಮನೆ ಜಾರುವುದಕ್ಕೂ ಹಿಟ್ಟಿನ ಗಿರಣಿಗೂ ಏನು ಸಂಬಂಧ ಎಂದು ಮೇಲಿನವರು ಕೇಳಿದರು. ದಿವಾಕರಯ್ಯ ಅವರನ್ನು ಒಮ್ಮೆ ನಮ್ಮ ಊರಿಗೇ ಕರೆತಂದರು. ಅವರಲ್ಲಿ ಮೂವರು ದಪ್ಪಗಿದ್ದರು, ಅವರಿಗೆ ಗಾಳಿ ಬರುವ ಮನೆಗಳನ್ನೇ ಕೊಟ್ಟೆವು; ಬೆಳಿಗ್ಗೆ ಆ ಮನೆಗಳು ಇದ್ದಲ್ಲೇ ನಿಂತದ್ದು ನೋಡಿ ಒಪ್ಪಿದರು. ಕಲ್ಲು ಬರುವವರೆಗೆ ಹೊನ್ನಕ್ಕ ನಾಲ್ಕೈದು ಜನ ಸರದಿಯಂತೆ ತನ್ನ ಮನೆಯಲ್ಲಿ ಮಲಗಲು ಬಿಟ್ಟಳು. ಮಳೆಗಾಲಕ್ಕೆ ಮೊದಲೇ ಎತ್ತಿನ ಗಾಡಿಯಲ್ಲಿ ಕಲ್ಲು ಬಂತು, ಡೀಸೆಲ್ ಎಂಜಿನ್ನು ಬಂತು. ಉಳಿದ ಹಣದಲ್ಲಿ ಬೇರೆ ಹಗುರ ಮನೆಗಳಿಗೂ ಹೀಗೇ ಒಂದೊಂದು ಕೆಲಸ ಬಂತು. ಒಂದಕ್ಕೆ ಬ್ರೆಡ್ಡು ಸುಡುವ ಒಲೆ, ಒಂದಕ್ಕೆ ಕುಲುಮೆ. ಶಾಲೆಯ ಪುಸ್ತಕದ ಬೀರುಗಳೂ ಒಂದು ಮನೆಗೆ ಹೋದವು, ಅಲ್ಲಿ ಸಂಜೆ ನಾನು ಕೂರುತ್ತೇನೆ.

ಹೊನ್ನಕ್ಕನ ಮನೆ ಹೊಂಡದ ಕಡೆಗೆ ಆಮೇಲೆ ಒಂದು ಹೆಜ್ಜೆಯೂ ಇಡಲಿಲ್ಲ. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ನೋಡಿದರೆ ತಿರುಗಿ ಊರಿನ ಕಡೆ ಮುಖ ಮಾಡಿ ನಿಂತಿತ್ತು. ಆದರೂ ಅಷ್ಟು ದೂರಕ್ಕೆ ಬೇರೆ ಯಾವ ಮನೆಯೂ ಹೋಗುವುದಿಲ್ಲವಾದ್ದರಿಂದ ಎದುರುಬಾಗಿಲಿನ ಪ್ರಶ್ನೆ ಹಾಗೇ ಉಳಿದಿತ್ತು. ಅದನ್ನು ದೇವೀರಮ್ಮ ತೀರ್ಮಾನಿಸಿದಳು. ಬೆಳಿಗ್ಗೆ ಗಿರಣಿಯ ಮುಂದೆ ಡಬ್ಬ ಹಿಡಿದು ಸಾಲು ನಿಲ್ಲುತ್ತದಲ್ಲ, ಅದರಲ್ಲಿ ಮೊದಲು ನಿಂತವರು ಆ ದಿನದ ಎದುರುಬಾಗಿಲು. ಅಂದಿನಿಂದ ಮೊದಲು ನಿಲ್ಲುವುದಕ್ಕೆ ಪೈಪೋಟಿ. ನಂಜಪ್ಪ ಒಂದು ಸೇರು ರಾಗಿ ಹಿಡಿದು ವಾರಕ್ಕೆ ಮೂರು ಸಲ ಬರುತ್ತಾನೆ.

ಮೊನ್ನೆ ಒಂದು ದಿನ ನಾನು ಬೇಗ ಎದ್ದು ಹೋದೆ. ಸಾಲಿಗೆ ಇನ್ನೂ ಯಾರೂ ಬಂದಿರಲಿಲ್ಲ. ಹೊನ್ನಕ್ಕ ಬಾಗಿಲು ತೆರೆದಳು. ಹುಬ್ಬಿನ ಮೇಲೆ, ಕಿವಿಯ ಸಂದಿನಲ್ಲಿ ನಿನ್ನೆಯ ಹಿಟ್ಟು. ಒಳಗೆ ಗೋಡೆಯ ಗೂಟಕ್ಕೆ ಅವಳ ಕೆಲಸದ ಅಂಗಿ ನೇತುಬಿದ್ದಿತ್ತು, ಸುತ್ತಲಿನ ಗುರುತು ಈಗ ಎಷ್ಟು ಹಳೆಯದು, ಎಷ್ಟು ಹೊಸದು ಎಂದು ಹೇಳುವಂತಿರಲಿಲ್ಲ.

“ಓಹೋ, ಇವತ್ತು ನೀನಾ ಟೀಚರಮ್ಮ?” ಎಂದಳು. ಸ್ವಲ್ಪ ಯೋಚಿಸುವವಳಂತೆ ನಿಂತಳು. “ಒಂದು ಚೂರು ಉಪ್ಪಿದ್ರೆ ಕೊಡ್ತೀಯಾ? ತೀರೋಗಿದೆ.”

ಅವಳ ಹಿಂದೆ, ಒಲೆಯ ಪಕ್ಕದ ಮಣೆಯ ಮೇಲೆ ಉಪ್ಪಿನ ಭರಣಿ ಕಾಣುತ್ತಿತ್ತು. ಮುಚ್ಚಳ ಕೂರದಷ್ಟು ತುಂಬಿತ್ತು.

“ಇರು, ತರುತ್ತೇನೆ,” ಎಂದು ಡಬ್ಬವನ್ನು ಸಾಲಿನ ಮೊದಲಲ್ಲಿಟ್ಟು, ಇಡೀ ಊರು ದಾಟಿ ಉಪ್ಪು ತರಲು ಮನೆಗೆ ಹೋದೆ.